ಕಂಬದ ಹಿಂದೆ ಅಡಗಿದವನು ಎದುರಿಗೆ ಬಂದು ನಿಂತರೂ ಕಾಣಲ್ವಾ? ಸ್ಟೆಲ್ತ್ ನಿಯಮದ ಜಗಳ

ಕುಕ್ಕರಹಳ್ಳಿ ಕೊಕ್ಕರೆ (ಮೈಸೂರು)

ಹೋದ ಭಾನುವಾರ ನಮ್ಮ ಆಟ ಮುಕ್ಕಾಲು ಗಂಟೆ ನಿಂತುಹೋಯಿತು. ಕಾರಣ ಒಂದು ಕಂಬ.

ಸರಸ್ವತಿಪುರಂನಲ್ಲಿ ಗೆಳೆಯನ ಮನೆ ಮಹಡಿಯಲ್ಲಿ ಆರು ಜನ ಸೇರುತ್ತೇವೆ. ಐವರು ಆಟಗಾರರು. ಡಿಎಂ, ಅಂದರೆ ಕತೆ ಹೇಳಿ ಆಟ ನಡೆಸುವವನು, ನಾನು. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ), ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಕತೆ ನಡೆಸುವ ಆಟ. ನಿಯಮ 2024ರ ಪುಸ್ತಕದ್ದು. ಕತೆ ನಡೆಯುವುದು ನದಿ ನಡುವಿನ ಒಂದು ಕೋಟೆಯಲ್ಲಿ. ಎಲ್ಲಿಂದ ಕದ್ದಿದ್ದು ಅಂತ ಶ್ರೀರಂಗಪಟ್ಟಣ ನೋಡಿದವರಿಗೆ ಹೇಳಬೇಕಾಗಿಲ್ಲ.

ರಾತ್ರಿ ಹೊತ್ತು. ಅಂಗಳದಲ್ಲಿ ಪಂಜು ಉರಿಯುತ್ತಿದೆ. ಹೊಡೆದಾಟ ಶುರುವಾಗಿದೆ. ನಮ್ಮ ರೋಗ್ (ಕದ್ದು ಹೊಡೆಯುವ ಕಳ್ಳನ ಪಾತ್ರ) ಒಂದು ಕಲ್ಲುಕಂಬದ ಹಿಂದೆ ಹೋದ, ಸ್ಟೆಲ್ತ್ ಹಾಕಿದ, ಅಂದರೆ ಅಡಗಲು ಇಪ್ಪತ್ತು ಮುಖದ ದಾಳ ಎಸೆದು ತನ್ನ ಅಂಕ ಕೂಡಿಸಿದ, 22 ಬಂತು. ಅಲ್ಲಿಯವರೆಗೂ ಸರಿ. ಮುಂದಿನ ಸರದಿಯಲ್ಲಿ ಕಂಬ ಬಿಟ್ಟು ಹೊರಬಂದ. ಬೆಳಕಿನಲ್ಲಿ ಮೂವತ್ತು ಅಡಿ ನಡೆದ. ಕಾವಲುಗಾರನ ಮೂಗಿನ ಮುಂದೆ ನಿಂತು, "ಅಡ್ವಾಂಟೇಜ್ ಇದೆ, ಸ್ನೀಕ್ ಅಟ್ಯಾಕ್" ಅಂದ. ಅಂದರೆ ಎರಡು ದಾಳ ಹಾಕಿ ಹೆಚ್ಚು ಬಿದ್ದದ್ದನ್ನು ತಗೊಳ್ಳೋದು, ತಾಗಿದರೆ ಹೆಚ್ಚುವರಿ ಪೆಟ್ಟು. "ಅಯ್ಯೋ, ಕಾಣ್ತೀಯಲ್ಲಪ್ಪ" ಅಂದೆ. ಅವನು ಪುಸ್ತಕ ತೆಗೆದ.

ಪುಸ್ತಕದಲ್ಲಿ ಇರುವುದು ಹೀಗೆ. ಅಡಗಬೇಕಾದರೆ ದಟ್ಟ ಕತ್ತಲೆಯೋ ಮಂಜೋ ಇರಬೇಕು, ಇಲ್ಲವೇ ಮುಕ್ಕಾಲು ಮೈಯಾದರೂ ಮುಚ್ಚುವ ಮರೆ ಬೇಕು. ಯಾವ ಶತ್ರುವಿನ ಕಣ್ಣಳತೆಯಲ್ಲೂ ಇರಬಾರದು. ರೋಲ್ 15 ಅಥವಾ ಅದಕ್ಕಿಂತ ಮೇಲೆ ಬಂದರೆ "ಇನ್ವಿಸಿಬಲ್" ಸ್ಥಿತಿ ಸಿಗುತ್ತದೆ. ಬಂದ ಮೊತ್ತವನ್ನು ಬರೆದಿಟ್ಟುಕೊಳ್ಳಬೇಕು, ಹುಡುಕುವವನು ಅಷ್ಟನ್ನು ಮುಟ್ಟಬೇಕು. ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದರೆ, ಶತ್ರು ಪತ್ತೆ ಮಾಡಿದರೆ, ನೀವೇ ಹೊಡೆದರೆ, ಬಾಯಿಬಿಟ್ಟು ಮಂತ್ರ ಹೇಳಿದರೆ ಅದು ಮುಗಿಯುತ್ತದೆ. ಮರೆ ಬಿಟ್ಟು ಹೊರಗೆ ಬಂದರೆ ಮುಗಿಯುತ್ತದೆ ಅಂತ ಮಾತ್ರ ಬರೆದಿಲ್ಲ!

ನಿಮ್ಮ ಟೇಬಲ್‌ಗಳಲ್ಲಿ ಇದನ್ನು ಹೇಗೆ ಆಡಿಸ್ತೀರಿ?

ರೋಗ್ ನಾನೇ

ಆ ರೋಗ್ ನಾನೇ. ಮೊದಲು ಲೆಕ್ಕ ಸರಿ ಮಾಡೋಣ. ಜಗಳ ನಡೆದದ್ದು ಇಪ್ಪತ್ತು ನಿಮಿಷ. ಉಳಿದದ್ದು ಬೋಂಡ ತರಲು ಹೋದವನು ವಾಪಸ್ ಬರದೇ ಇದ್ದದ್ದು.

ನನ್ನ ವಾದ ಇಷ್ಟೇ. ನಮ್ಮ ಮಂತ್ರವಾದಿ ಎರಡನೇ ಹಂತದ ಒಂದು ಮಂತ್ರ ಹೇಳಿ ಮಾಯವಾಗುತ್ತಾನೆ. ದಾಳ ಇಲ್ಲ, ಕಂಬ ಇಲ್ಲ, ಯಾರೂ ತಕರಾರು ಮಾಡಲ್ಲ. ನಾನು ಐದು ಲೆವೆಲ್ ಇದಕ್ಕೇ ಸುರಿದಿದ್ದೇನೆ. ಸ್ಟೆಲ್ತ್‌ಗೆ ಪ್ಲಸ್ ಹತ್ತು ಇದೆ. ಆದರೂ ಐದರಲ್ಲಿ ಒಂದು ಸಲ ಸೋಲುತ್ತೇನೆ. ಗೆದ್ದಾಗಲೂ "ಕಾಣ್ತೀಯಲ್ಲಪ್ಪ" ಅಂದರೆ ಹೇಗೆ ಗುರು?

ಹಳೇ ದಾಳ

ತಮ್ಮಂದಿರಾ, ಈ ಜಗಳಕ್ಕೆ ನಿಮ್ಮಿಬ್ಬರಿಗಿಂತ ಜಾಸ್ತಿ ವಯಸ್ಸು.

ಕಳ್ಳ ಅನ್ನೋ ಪಾತ್ರ ಡಿ ಅಂಡ್ ಡಿಗೆ ಬಂದದ್ದು 1975ರ ಗ್ರೇಹಾಕ್ ಪುರವಣಿಯಲ್ಲಿ. ಆಮೇಲೆ ಬಂದ ಅಡ್ವಾನ್ಸ್‌ಡ್ ಡಿ ಅಂಡ್ ಡಿಯಲ್ಲಿ ಮೊದಲ ಲೆವೆಲ್ ಕಳ್ಳ ನೆರಳಲ್ಲಿ ಅಡಗುವ ಸಾಧ್ಯತೆ ಶೇಕಡಾ 10. ಸದ್ದಿಲ್ಲದೆ ನಡೆಯುವುದು ಶೇಕಡಾ 15. ಕಳ್ಳ ಅಂತ ಹೆಸರಿಟ್ಟುಕೊಂಡು ಹತ್ತಕ್ಕೆ ಒಂಬತ್ತು ಸಲ ಸಿಕ್ಕಿಬೀಳುತ್ತಿದ್ದ. ಅದಕ್ಕೇ ಆಗಿನ ಡಿಎಂಗಳು ಬಾಯಿಮಾತಲ್ಲಿ ಕೇಳಿ ಕೇಳಿ ತೀರ್ಮಾನ ಮಾಡುತ್ತಿದ್ದರು. "ಕಾಲಲ್ಲಿ ಏನು ಹಾಕಿದ್ದೀಯ? ಯಾವ ಗೋಡೆ ಪಕ್ಕ?" ಅದೆಲ್ಲ ಆದಮೇಲೆ ಬೇಕಾದರೆ ದಾಳ. ನನಗೆ ಇಪ್ಪತ್ತು ಮುಖದ ದಾಳ ಸಿಗುವ ಮುಂಚೆ ಹಾರ್ಲಿಕ್ಸ್ ಬಾಟಲಿಯಲ್ಲಿ 1ರಿಂದ 20ರವರೆಗೆ ಚೀಟಿ ಹಾಕಿ ಎತ್ತುತ್ತಿದ್ದೆವು. ಹದಿನೇಳರ ಚೀಟಿಗೆ ಎಣ್ಣೆ ಮೆತ್ತಿಕೊಂಡಿತ್ತು, ಕೈಗೆ ಗೊತ್ತಾಗುತ್ತಿತ್ತು. ಆ ಚೀಟಿ ಜಾಸ್ತಿ ಸಿಗುತ್ತಿದ್ದದ್ದು ಯಾರಿಗೆ ಅಂತ ಹೇಳಲ್ಲ.

2000ದಲ್ಲಿ ಮೂರನೇ ಆವೃತ್ತಿ ಬಂತು. ಅಡಗಲು ಒಂದು ರೋಲ್, ಸದ್ದು ಮಾಡದಿರಲು ಇನ್ನೊಂದು. ಕಾವಲಿನವನಿಗೂ ನೋಡಲು ಒಂದು, ಕೇಳಲು ಒಂದು. ಲೆಕ್ಕ ಹಾಕಿ. ಒಬ್ಬೊಬ್ಬರು ಗೆಲ್ಲುವ ಸಾಧ್ಯತೆ ಶೇಕಡಾ 70 ಅಂದುಕೊಳ್ಳಿ. ಐವರೂ ಒಟ್ಟಿಗೆ ದಾಟಬೇಕಾದರೆ ಅದು ಶೇಕಡಾ 17ಕ್ಕೆ ಇಳಿಯುತ್ತದೆ. ಎರಡೆರಡು ರೋಲ್ ಆದರೆ ಶೇಕಡಾ 3 ಕೂಡ ಇಲ್ಲ. ನಾವೆಲ್ಲ ಸ್ಟೆಲ್ತ್ ಬಿಟ್ಟು ಬಾಗಿಲು ಒದೆಯುವುದನ್ನು ಕಲಿತದ್ದು ಹೀಗೆ. 2008ರ ನಾಲ್ಕನೇ ಆವೃತ್ತಿಯಲ್ಲಿ ಎರಡನ್ನೂ ಸೇರಿಸಿ ಸ್ಟೆಲ್ತ್ ಅಂತ ಒಂದೇ ಮಾಡಿದರು. ಬದುಕಿದೆವು.

ನಿಮ್ಮ ಕಂಬದ ವಿಷಯ. 2014ರ ಪುಸ್ತಕದಲ್ಲಿ ಇದಕ್ಕೆ ನೇರ ಉತ್ತರವೇ ಇತ್ತು. ಹೊಡೆದಾಟದ ಹೊತ್ತಲ್ಲಿ ಎಲ್ಲರೂ ನಾಲ್ಕೂ ಕಡೆ ಕಣ್ಣಿಟ್ಟಿರುತ್ತಾರೆ, ಹಾಗಾಗಿ ಮರೆ ಬಿಟ್ಟು ಹತ್ತಿರ ಬಂದವನು ಸಾಮಾನ್ಯವಾಗಿ ಕಾಣುತ್ತಾನೆ. ಆ ಕಡೆಯವನ ಗಮನ ಬೇರೆಲ್ಲೋ ಇದ್ದರೆ ಡಿಎಂ ಬಿಡಬಹುದು. ಹೊಸ ಪುಸ್ತಕದಲ್ಲಿ ಆ ಎರಡು ಸಾಲು ಬಿಟ್ಟರು, ಮಾಯವಾದವನ ಸ್ಥಿತಿಯನ್ನೇ ಅಡಗಿದವನಿಗೂ ಕೊಟ್ಟರು. ಅಲ್ಲೇ ತೊಡಕಾದದ್ದು.

ಹೊಸಬಳು

ನಾನು ಆಟಕ್ಕೆ ಸೇರಿ ಎರಡು ತಿಂಗಳು. ಒಂದು ದಡ್ಡ ಪ್ರಶ್ನೆ. ಪ್ಯಾಸಿವ್ ಪರ್ಸೆಪ್ಶನ್ ಅಂದರೆ ಕಾವಲುಗಾರ ಸುಮ್ನೆ ನಿಂತಿದ್ದರೂ ನೋಡ್ತಾನೆ ಅಂತ ತಾನೆ? ಹಾಗಾದರೆ ಪರ್ಸೆಪ್ಶನ್ ರೋಲ್ ಯಾಕೆ?

ಮಲ್ಲಿಗೆ ಮೊಗ್ಗು

ದಡ್ಡ ಪ್ರಶ್ನೆ ಅಲ್ಲಮ್ಮ, ಅರ್ಧ ಜಗಳ ಅಲ್ಲೇ ಹುಟ್ಟೋದು.

ಪ್ಯಾಸಿವ್ ಅಂದರೆ ದಾಳ ಹಾಕದೆ ಇರುವ ಅಂಕ. ಹತ್ತಕ್ಕೆ ಅವನ ಪರ್ಸೆಪ್ಶನ್, ಅಂದರೆ ಗಮನಿಸುವ ಅಂಕ, ಕೂಡಿಸು. 2014ರ ಪುಸ್ತಕದ ಮಾಮೂಲಿ ಕಾವಲುಗಾರನಿಗೆ 12. ನಸುಬೆಳಕಾದರೆ ಐದು ಕಳೆ, 7 ಉಳಿಯಿತು. ಅವನೇ "ಏನೋ ಸದ್ದಾಯ್ತಲ್ಲ" ಅಂತ ಪಂಜು ಎತ್ತಿ ಹುಡುಕಲು ಹೊರಟರೆ ಆಗ ದಾಳ.

ಈಗ ನಿಮ್ಮ ಗುಂಪು ನೋಡು. ಪ್ಲಸ್ ಹತ್ತಿರುವ ರೋಗ್‌ಗೆ 12 ಒಂದು ಲೆಕ್ಕವೇ ಅಲ್ಲ, ದಾಳದಲ್ಲಿ 1 ಬಿದ್ದರೆ ಮಾತ್ರ ಸೋಲು. ಚೈನ್ ಮೇಲ್, ಅಂದರೆ ಕಬ್ಬಿಣದ ಬಳೆಗಳ ಅಂಗಿ, ಹಾಕಿಕೊಂಡ ಫೈಟರ್‌ಗೆ ಡೆಕ್ಸ್ಟೆರಿಟಿ (ಚುರುಕುತನ) 10 ಅಂದುಕೋ. ಆ ಅಂಗಿಯ ದೆಸೆಯಿಂದ ಎರಡು ದಾಳ ಹಾಕಿ ಕಮ್ಮಿ ಬಿದ್ದದ್ದನ್ನೇ ತಗೋಬೇಕು. ಅವನು ಗೆಲ್ಲುವುದು ಐದಕ್ಕೆ ಒಂದು ಸಲ. ಒಬ್ಬನಿಗೆ ಸೋಲೋದು ಕಷ್ಟ, ಇನ್ನೊಬ್ಬನಿಗೆ ಗೆಲ್ಲೋದು ಕಷ್ಟ. ಇಬ್ಬರೂ ಒಂದೇ ಕಾರಿಡಾರಿನಲ್ಲಿ ನಡೆಯುತ್ತಿದ್ದಾರೆ!

ನಾನು ಆಡಿಸುವುದು ಪಾತ್‌ಫೈಂಡರ್ ಎರಡನೇ ಆವೃತ್ತಿ, ಇದೇ ಥರದ ಇನ್ನೊಂದು ಆಟ, 2019ರದ್ದು. ನಮ್ಮಲ್ಲಿ ಕಂಬದ ಜಗಳ ಬರಲ್ಲ. ಯಾಕೆ ಅಂತ ಐಸ್‌ಪೈಸ್ ಆಡಿದವರಿಗೆ ಒಂದೇ ಮಾತಲ್ಲಿ ಹೇಳಬಹುದು.

ನಮ್ಮ ಬೀದಿಯಲ್ಲಿ ಐಸ್‌ಪೈಸ್ ಆಡುವಾಗ ಕಂಡರೆ ಸಾಲದು, ಹೆಸರು ಹಿಡಿದು ಕೂಗಬೇಕಿತ್ತು. ನಾನೂ ನನ್ನ ಚಿಕ್ಕಪ್ಪನ ಮಗನೂ ನೀರಿನ ತೊಟ್ಟಿ ಹಿಂದೆ ಕೂತು ಸ್ವೆಟರ್ ಬದಲಾಯಿಸಿಕೊಂಡೆವು. ಅವನ ನೀಲಿ ತೋಳು ಒಂಚೂರು ಹೊರಗೆ ಬಿಟ್ಟೆ. ಕಳ್ಳನಾದ ಹುಡುಗ ತೋಳು ನೋಡಿ ಅವನ ಹೆಸರು ಕೂಗಿದ. ಹೊರಗೆ ಬಂದದ್ದು ನಾನು. ತಪ್ಪು ಹೆಸರು, ಮತ್ತೆ ಅವನೇ ಕಳ್ಳ. ಅತ್ತುಬಿಟ್ಟ ಪಾಪ. ಅಂದರೆ ಅವನಿಗೆ ತೊಟ್ಟಿ ಹಿಂದೆ ಯಾರೋ ಇರೋದು ಗೊತ್ತಿತ್ತು. ಯಾರು ಅಂತ ಗೊತ್ತಿರಲಿಲ್ಲ. ಇನ್ನಿಬ್ಬರು ಮಾವಿನಮರ ಹತ್ತಿದ್ದರು, ಎಲ್ಲಿದ್ದಾರೆ ಅನ್ನೋದೇ ಗೊತ್ತಿರಲಿಲ್ಲ. ಪಕ್ಕದ ಬೀದಿಯ ಒಬ್ಬ ಹುಡುಗ ಆಟಕ್ಕೆ ಸೇರಿದ್ದಾನೆ ಅನ್ನೋದೇ ಅವನ ತಲೆಯಲ್ಲಿ ಇರಲಿಲ್ಲ.

ಪಾತ್‌ಫೈಂಡರ್‌ನಲ್ಲೂ ಹೀಗೇ ಮೆಟ್ಟಿಲುಗಳಿವೆ. ಚೆನ್ನಾಗಿ ಕಾಣುವವನು ಅಬ್ಸರ್ವ್ಡ್. ಎಲ್ಲಿದ್ದಾನೆ ಅಂತ ಗೊತ್ತು, ಕಣ್ಣಿಗೆ ಬೀಳುತ್ತಿಲ್ಲ, ಅವನು ಹಿಡನ್. ಇದ್ದಾನೆ ಅಂತ ಅನುಮಾನ ಇರಬಹುದು, ಎಲ್ಲಿ ಅಂತ ಗೊತ್ತಿಲ್ಲ, ಅವನು ಅನ್‌ಡಿಟೆಕ್ಟೆಡ್. ಇದ್ದಾನೆ ಅನ್ನೋದೇ ಗೊತ್ತಿಲ್ಲದವನು ಅನ್‌ನೋಟಿಸ್ಡ್. ಹಿಡನ್ ಆದವನ ಮೇಲೆ ಕತ್ತಿ ಬೀಸುವವನು ಮೊದಲು ಬರಿ ದಾಳ ಹಾಕಿ 11 ಮುಟ್ಟಬೇಕು, ಇಲ್ಲದಿದ್ದರೆ ಗಾಳಿಗೆ ಏಟು. ಕದ್ದು ನಡೆಯುವುದಕ್ಕೆ ಸ್ನೀಕ್ ಅಂತ ಬೇರೆ ನಡೆ ಇದೆ, ಅರ್ಧ ವೇಗದಲ್ಲಿ. ಆ ನಡೆ ಮುಗಿದಾಗ ಮರೆಯಲ್ಲಿ ಇರದಿದ್ದರೆ ಕಂಡೆ ಅಂತಲೇ ಲೆಕ್ಕ. ರೋಗ್ ಸಾಹೇಬರ ಮೂವತ್ತು ಅಡಿ ಅಲ್ಲೇ ಮುಗಿಯಿತು. ಇನ್ನೊಂದು ಮಾತು. ಸ್ಟೆಲ್ತ್ ದಾಳವನ್ನು ಜಿಎಂ (ನಿಮ್ಮ ಡಿಎಂ ಇದ್ದಂಗೆ) ಗುಟ್ಟಾಗಿ ಹಾಕಬೇಕು. ಅಡಗಿದವನಿಗೆ ತಾನು ಚೆನ್ನಾಗಿ ಅಡಗಿದ್ದೀನಾ ಅಂತ ಗೊತ್ತಿರಬಾರದು, ಅಲ್ವಾ?

ರೋಗ್ ನಾನೇ

ನನ್ನ ದಾಳ ಬೇರೆಯವರು ಹಾಕೋದು ಅಂದರೆ ನನ್ನ ಊಟ ಬೇರೆಯವರು ತಿಂದಂಗೆ. ನಮ್ಮ ಟೇಬಲ್‌ನಲ್ಲಿ ಒಪ್ಪಲ್ಲ.

ಉಳಿದದ್ದು ಪರವಾಗಿಲ್ಲ.

ಕಬ್ಬಿನ ಗದ್ದೆ (ಮಂಡ್ಯ)

ನೀವೆಲ್ಲ ಕಣ್ಣಿನ ವಿಷಯವೇ ಮಾತಾಡ್ತಾ ಇದ್ದೀರಿ. ಮಂಡ್ಯದಿಂದ ಒಂದು ಮಾತು.

ನಮ್ಮದು ಎರಡು ಎಕರೆ ಕಬ್ಬು. ಹತ್ತು ತಿಂಗಳ ಬೆಳೆ ಆಳಿಗಿಂತ ಎತ್ತರ. ಒಳಗೆ ಹೊಕ್ಕರೆ ಎರಡು ಸಾಲು ಆಚೆಗೆ ಏನೂ ಕಾಣಲ್ಲ. ಪುಸ್ತಕದ ಭಾಷೆಯಲ್ಲಿ ಇದಕ್ಕಿಂತ ಒಳ್ಳೆ ಮರೆ ಬೇಕಾ? ಚಿರತೆಗಳು ಅಲ್ಲೇ ಮರಿ ಹಾಕುತ್ತವೆ. ಕಟಾವಿಗೆ ಹೋದವರಿಗೆ ಮರಿ ಸಿಕ್ಕಿತು, ಅರಣ್ಯ ಇಲಾಖೆಯವರು ಬೋನು ಇಟ್ಟರು, ಇದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ.

ಆದರೆ ಕೆಳಗೆ ಒಣ ತರಗು ಮೊಳಕಾಲವರೆಗೆ ಬಿದ್ದಿರುತ್ತದೆ. ಮನುಷ್ಯ ಒಂದು ಹೆಜ್ಜೆ ಇಟ್ಟರೆ ಹಪ್ಪಳ ಮುರಿದಂಗೆ ಸದ್ದು. ಬದುವಿನ ಮೇಲೆ ನಿಂತವನಿಗೆ ಒಳಗಿನವನು ಕಾಣಲ್ಲ, ಆದರೆ ಮೇಲಿನ ಗರಿ ಅಲ್ಲಾಡುತ್ತಲ್ಲ, ಅದು ಕಾಣುತ್ತೆ. ಒಬ್ಬ ಮನುಷ್ಯ ನಡೆದರೆ ಗರಿಯ ಮೇಲೆ ಒಂದು ಗೆರೆ ಎಳೆದಂಗೆ ಹೋಗುತ್ತದೆ. ಹಂದಿ ಹೋದರೆ ಬೇರೆ ಥರ. ನಮ್ಮಪ್ಪ ಬದುವಿನ ಮೇಲೆ ನಿಂತೇ "ಹಂದಿ", "ನಾಯಿ", "ಯಾವನೋ ಕಬ್ಬು ಮುರೀತಾವ್ನೆ" ಅಂತ ಹೇಳಿಬಿಡ್ತಾರೆ.

ಚಿಕ್ಕಂದಿನಲ್ಲಿ ನಾವೂ ಪಕ್ಕದವರ ಗದ್ದೆಗೆ ನುಗ್ಗಿದ್ದೇವೆ, ಸುಳ್ಳು ಯಾಕೆ. ಗಾಳಿ ಬೀಸಿದಾಗ ಇಡೀ ಗದ್ದೆ ಒಟ್ಟಿಗೆ ಸದ್ದು ಮಾಡುತ್ತೆ. ಆಗ ನಾಲ್ಕು ಹೆಜ್ಜೆ. ಗಾಳಿ ನಿಂತರೆ ನೀನೂ ನಿಲ್ಲು. ಪಂಪ್‌ಸೆಟ್ ಮೋಟರ್ ಓಡುತ್ತಿದ್ದರೆ ಇನ್ನೂ ಸಲೀಸು, ಕರೆಂಟು ಹೋದ ತಕ್ಷಣ ಮಾತ್ರ ಇದ್ದಲ್ಲೇ ಕಲ್ಲಾಗಬೇಕು. ನಾನು ಒಂದು ಸಲ ಆಗಲಿಲ್ಲ. ಬೆನ್ನ ಮೇಲೆ ಕಬ್ಬಿನ ಜಲ್ಲೆ ಬಿತ್ತು, ಅದೂ ನಾನೇ ಮುರಿದ ಜಲ್ಲೆ.

ನಾನು ಡಿಎಂ ಆದಾಗ ಇದನ್ನೇ ಆಡಿಸುತ್ತೇನೆ. "ಸ್ಟೆಲ್ತ್ ಹಾಕ್ತೀನಿ" ಅಂದರೆ ಬರಿ ದಾಳ. "ಗಾಳಿ ಬಂದಾಗ ಮಾತ್ರ ಹೆಜ್ಜೆ ಇಡ್ತೀನಿ" ಅಂದರೆ ವೇಗ ಅರ್ಧ, ಅಡ್ವಾಂಟೇಜ್ ಪೂರ್ತಿ. ಕರೆಂಟು ಹೋದರೆ ದೇವರೇ ಗತಿ.

ಹೊಸಬಳು

ಮೋಟರ್ ವಿಷಯ ಬರೆದಿಟ್ಟುಕೊಂಡೆ ಅಣ್ಣ. ನಮ್ಮ ಕತೆಯಲ್ಲಿ ಜಲಪಾತ ಇದೆ, ಅದಕ್ಕೂ ನಡೆಯುತ್ತೆ ಅಲ್ವಾ?

ಕಬ್ಬಿನ ಗದ್ದೆ (ಮಂಡ್ಯ)

ಇನ್ನೇನು ಮತ್ತೆ. ಆದರೆ ಆ ಸದ್ದಿಗೆ ನಿನಗೂ ಕಾವಲಿನವನ ಹೆಜ್ಜೆ ಕೇಳಲ್ಲ, ಅದನ್ನ ಮರೀಬೇಡ.

ಕೋಟೆ ಸುತ್ತುವವನು (ಶ್ರೀರಂಗಪಟ್ಟಣ)

ಗದ್ದೆಯವರ ಕೊನೆಯ ಸಾಲಿಗೆ ನಮ್ಮೂರಿನದ್ದೇ ಒಂದು ಉದಾಹರಣೆ ಇದೆ.

1799ರ ಏಪ್ರಿಲ್ 5ರ ರಾತ್ರಿ. ಕೋಟೆಗೆ ಮುತ್ತಿಗೆ ಹಾಕಲು ಬಂದ ಇಂಗ್ಲಿಷರಿಗೆ ದಾರಿಯಲ್ಲಿ ಸುಲ್ತಾನ್‌ಪೇಟೆ ತೋಪು ಅಡ್ಡ ಇತ್ತು. ಅದರೊಳಗೆ ಟಿಪ್ಪುವಿನ ಸೈನಿಕರು. ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು, ಕತ್ತಲಲ್ಲಿ ದಾಳಿಗೆ ಹೊರಟ. ಕತ್ತಲು ತನ್ನ ಪರ ಅಂದುಕೊಂಡಿದ್ದ ಅಂತ ಕಾಣುತ್ತದೆ. ತೋಪಿನೊಳಗೆ ಹೊಕ್ಕ ಮೇಲೆ ಅವನ ಜನಕ್ಕೆ ದಾರಿಯೇ ತಿಳಿಯಲಿಲ್ಲ. ದಿಕ್ಕು ತಪ್ಪಿ ಚದುರಿದರು. ಕೆಲವರು ಸೆರೆ ಸಿಕ್ಕರು. ಅವನ ಮೊಣಕಾಲಿಗೂ ಏಟಾಯಿತು. ಮರುದಿನ ಹಗಲಲ್ಲಿ ಜಾಸ್ತಿ ಜನ ಕರೆದುಕೊಂಡು ಹೋಗಿ ಅದೇ ತೋಪನ್ನು ಹಿಡಿದ. ಕತ್ತಲು ಆ ಜಾಗ ಗೊತ್ತಿದ್ದವನ ಪರ. ನಿಮ್ಮ ಆಟದಲ್ಲಿ ಹೊರಗಿನಿಂದ ಬಂದ ಪಾರ್ಟಿಗೆ (ಆಟಗಾರರ ತಂಡಕ್ಕೆ) ಕತ್ತಲೆಯಿಂದ ಬರಿ ಲಾಭ ಕೊಡುತ್ತಿದ್ದರೆ ಇದನ್ನು ಒಂದು ಸಲ ಯೋಚಿಸಿ.

ಇನ್ನೊಂದು. ಅದೇ ವರ್ಷ ಮೇ 4ರಂದು ಕೋಟೆ ಬಿದ್ದದ್ದು ರಾತ್ರಿ ಅಲ್ಲ, ಮಟಮಟ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ. ದಾಳಿ ಮಾಡುವವರನ್ನು ಬೆಳಗಾಗುವ ಮುಂಚೆಯೇ ಕಂದಕಗಳಲ್ಲಿ ಕೂರಿಸಿದ್ದರು. ಬಿಸಿಲೇರಿ, ಒಳಗಿನವರು ಊಟ, ವಿಶ್ರಾಂತಿ ಅಂತ ಸಡಿಲವಾಗುವ ಹೊತ್ತು ನೋಡಿ ಎದ್ದರು. ಮುಂದೆ ನಿಂತವನು ಡೇವಿಡ್ ಬೇರ್ಡ್, ಹಿಂದೆ ಇದೇ ಪಟ್ಟಣದಲ್ಲಿ ಸೆರೆಯಲ್ಲಿದ್ದವನು. ಬೇಸಿಗೆಯ ಕಾವೇರಿ, ನೀರು ಕಮ್ಮಿ, ನಡೆದೇ ದಾಟಿದರು. ನದಿಯಲ್ಲಿ ಬರುತ್ತಿದ್ದವರು ಎಲ್ಲರಿಗೂ ಕಾಣುತ್ತಿದ್ದರು. ಆ ಹೊತ್ತಿಗೆ ಬರುತ್ತಾರೆ ಅಂತ ಅಂದುಕೊಂಡವರು ಇರಲಿಲ್ಲ, ಅಷ್ಟೇ.

ಅಡಗುವುದೂ ಬೆಚ್ಚಿಬೀಳಿಸುವುದೂ ಒಂದೇ ಅಲ್ಲ ಅಂತ ಹೇಳಲು ಇದನ್ನು ಬರೆದೆ. 2014ರಲ್ಲಿ ಬೆಚ್ಚಿಬಿದ್ದವನ ಮೊದಲ ಸರದಿಯೇ ಹೋಗುತ್ತಿತ್ತು. 2024ರಲ್ಲಿ ಯಾರು ಮೊದಲು ಅನ್ನೋ ದಾಳಕ್ಕೆ, ಅಂದರೆ ಇನಿಶಿಯೇಟಿವ್‌ಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಕಮ್ಮಿ ಬಿದ್ದದ್ದು) ಮಾತ್ರ. ನನಗೆ ಹೊಸದು ಸರಿ ಅನಿಸುತ್ತದೆ. ಊಟಕ್ಕೆ ಕೂತವನೂ ಕೈ ತೊಳೆಯದೆ ಕತ್ತಿ ಹಿಡಿಯಬಹುದು.

ಹಳೇ ದಾಳ

ಕೈ ತೊಳೆಯದೆ ಕತ್ತಿ! ಇದನ್ನು ಫೀಟ್ (ಪಾತ್ರದ ವಿಶೇಷ ಸಾಮರ್ಥ್ಯ) ಮಾಡಿ ಪುಸ್ತಕಕ್ಕೆ ಸೇರಿಸಬೇಕು.

ಮಹಡಿ ಮನೆಯವನು

ಬೋಂಡ ತರಲು ಹೋಗಿದ್ದವನು ನಾನು. ಬಜ್ಜಿಯ ಎಣ್ಣೆ ಕಾದಿರಲಿಲ್ಲ, ತಪ್ಪು ನನ್ನದಲ್ಲ.

ಚೈನ್ ಮೇಲ್ ಫೈಟರ್ ಕೂಡ ನಾನೇ, ಹಾಗಾಗಿ ನನ್ನ ಅಳಲು ಬೇರೆ. ಪಾರ್ಟಿ ಕದ್ದು ಹೋಗೋಣ ಅಂದಾಗಲೆಲ್ಲ ನನ್ನ ಮುಖ ನೋಡುತ್ತಾರೆ. ಗ್ರೂಪ್ ಚೆಕ್ ಇದೆಯಲ್ಲ, ಅರ್ಧ ಜನ ಗೆದ್ದರೆ ಎಲ್ಲರೂ ಗೆದ್ದಂತೆ, ಅದನ್ನು ಯಾಕೆ ಬಳಸಬಾರದು? ಹಳೇ ದಾಳ ಸರ್ ಹೇಳಿದ ಶೇಕಡಾ 70ರ ಲೆಕ್ಕವನ್ನೇ ಹಾಕಿದೆ. ಐವರಲ್ಲಿ ಮೂವರು ಗೆದ್ದರೆ ಸಾಕು ಅಂದರೆ ಶೇಕಡಾ 84 ಆಗುತ್ತದೆ. ಹದಿನೇಳು ಎಲ್ಲಿ, ಎಂಬತ್ನಾಲ್ಕು ಎಲ್ಲಿ.

ಬೆಂಗಳೂರಿನ ನೆಂಟರ ಮನೆಗೆ ಹೋದಾಗ ಬ್ಲೇಡ್ಸ್ ಇನ್ ದ ಡಾರ್ಕ್ ಆಡಿದೆ. ಕಳ್ಳರ ಗುಂಪಿನದೇ ಆಟ. ಅದರಲ್ಲಿ ಗುಂಪಾಗಿ ನುಸುಳುವಾಗ ಎಲ್ಲರೂ ದಾಳ ಹಾಕುತ್ತಾರೆ, ಒಳ್ಳೆಯದು ಯಾರದ್ದು ಬಿತ್ತೋ ಅದೇ ಎಲ್ಲರಿಗೂ. ಆದರೆ 1ರಿಂದ 3 ಬಿದ್ದ ಒಬ್ಬೊಬ್ಬರಿಗೂ ಮುಂದಾಳು ಒಂದೊಂದು ಸ್ಟ್ರೆಸ್ ತಗೋಬೇಕು. ನಾನು ಎಡವಿದೆ, ಮುಂದಾಳು ನನ್ನ ಕಾಲರ್ ಹಿಡಿದು ಎಳೆದ, ಅವನಿಗೆ ಸುಸ್ತು. ಇದು ನಿಜ ಅನಿಸಿತು. ಕಾವಲಿನವರು ಎಚ್ಚರವಾಗುವುದಕ್ಕೂ ಗಡಿಯಾರದ ಥರ ಒಂದು ವೃತ್ತ ಬರೆದು ಅದರ ಭಾಗಗಳನ್ನು ಒಂದೊಂದಾಗಿ ತುಂಬುತ್ತಾ ಹೋಗುತ್ತಾರೆ. ಒಂದು ದಾಳ ಕೆಟ್ಟರೆ ಇಡೀ ಕೋಟೆ ಎದ್ದು ಕೂರಲ್ಲ.

ಕುಕ್ಕರಹಳ್ಳಿ ಕೊಕ್ಕರೆ (ಮೈಸೂರು)

ಎಲ್ಲರಿಗೂ ಥ್ಯಾಂಕ್ಸ್. ರೋಗ್ ಜೊತೆ ನಿನ್ನೆ ಫೋನಲ್ಲಿ ಮಾತಾಡಿ ಹೀಗೆ ಗೊತ್ತು ಮಾಡಿಕೊಂಡಿದ್ದೇವೆ.

ದಾಳ ಮುಟ್ಟುವ ಮುಂಚೆ ನಾನು ಹೇಳಬೇಕು: ಯಾರು ಯಾವ ಕಡೆ ನೋಡುತ್ತಿದ್ದಾರೆ, ಬೆಳಕು ಎಲ್ಲಿಯವರೆಗೆ ಇದೆ, ಏನು ಸದ್ದಿದೆ. ಪುಸ್ತಕದಲ್ಲಿ ಮುಖ ಯಾವ ಕಡೆ ಅನ್ನೋದಕ್ಕೆ ಮಾಮೂಲಿ ನಿಯಮ ಇಲ್ಲ, ನಾನು ಬಾಯಲ್ಲಿ ಹೇಳಲೇಬೇಕು. ನಿಜ ಹೇಳಬೇಕೆಂದರೆ ಆವತ್ತು ಹೇಳಿರಲಿಲ್ಲ. ಅವನು ಹೊರಗೆ ಬಂದಮೇಲೆ "ಕಾವಲುಗಾರ ನಿನ್ನ ಕಡೆಗೇ ನೋಡುತ್ತಿದ್ದ" ಅಂದೆ. ಅವನಿಗೆ ಸಿಟ್ಟು ಬಂದದ್ದು ಅದಕ್ಕೇ.

ನೋಡುತ್ತಿರುವವನ ಎದುರು ಬಯಲಿಗೆ ಬಂದರೆ ಕಂಡಂತೆ. ಅವನು ಬೇರೆಯವರ ಜೊತೆ ಹೊಡೆದಾಡುತ್ತಿದ್ದರೆ ಒಂದು ಓಟ ಬಿಡುತ್ತೇನೆ. ಆ ಸರದಿ ಮುಗಿಯುವುದರೊಳಗೆ ಹೊಡೆಯಬೇಕು, ಇಲ್ಲವೇ ಇನ್ನೊಂದು ಮರೆ ಸೇರಬೇಕು. ಗುಂಪಿಗೆ ಗ್ರೂಪ್ ಚೆಕ್. ಗುಟ್ಟಿನ ದಾಳ ಬೇಡ ಅಂತ ಅವನು ಹಟ ಹಿಡಿದ, ಬಿಟ್ಟೆ.

ರೋಗ್ ನಾನೇ

ಒಪ್ಪಿದ್ದೇನೆ. ಮಂತ್ರವಾದಿಯ ವಿಷಯ ಇನ್ನೂ ಬಗೆಹರಿದಿಲ್ಲ ಅನ್ನೋದು ಎಲ್ಲರ ಗಮನಕ್ಕೆ.

ಕುಕ್ಕರಹಳ್ಳಿ ಕೊಕ್ಕರೆ (ಮೈಸೂರು)

ಭಾನುವಾರದ ವರದಿ.

ಮೊದಲ ಗಂಟೆ ಚೆನ್ನಾಗಿ ನಡೆಯಿತು. "ಕಾವಲುಗಾರ ನಿಮ್ಮ ಫೈಟರ್ ಜೊತೆ ಕತ್ತಿ ಬೀಸುತ್ತಿದ್ದಾನೆ, ಬೆನ್ನು ಕಂಬದ ಕಡೆ" ಅಂದೆ. ರೋಗ್ ಓಡಿ ಬಂದು ಚುಚ್ಚಿದ. ಯಾರೂ ಪುಸ್ತಕ ತೆಗೆಯಲಿಲ್ಲ.

ಆಮೇಲೆ ನದಿ ಬಾಗಿಲಿನ ಮೆಟ್ಟಿಲು. ಕೆಳಗೆ ನೀರಿನ ಸದ್ದು ಇದೆ ಅಂದೆ. ಮಂಡ್ಯದವರ ಪೋಸ್ಟ್ ಓದಿಕೊಂಡು ಬಂದಿದ್ದರು ಅಂತ ಕಾಣುತ್ತದೆ, ಐವರೂ ಒಟ್ಟಿಗೆ "ಅಲೆ ಹೊಡೆದಾಗ ಮಾತ್ರ ಹೆಜ್ಜೆ" ಅಂದರು. ನಮ್ಮ ಫೈಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಐದು ನಿಮಿಷ ಕೂತು ಚೈನ್ ಮೇಲ್ ಬಿಚ್ಚಿ, ಗೋಣಿಚೀಲಕ್ಕೆ ತುಂಬಿ, ಮಧ್ಯೆ ಮಧ್ಯೆ ಹುಲ್ಲು ಇಟ್ಟು ಕಟ್ಟಿ ಹೆಗಲಿಗೆ ಹಾಕಿಕೊಂಡ. ಅಷ್ಟು ಕಷ್ಟಪಟ್ಟವನಿಗೆ ಡಿಸ್‌ಅಡ್ವಾಂಟೇಜ್ ಕೊಡಲು ಮನಸ್ಸು ಬರಲಿಲ್ಲ. ಐವರಲ್ಲಿ ನಾಲ್ವರು ಗೆದ್ದರು. ಸೋತವನು ರೋಗ್. ದಾಳದಲ್ಲಿ 1. ಎಲ್ಲರ ಕಣ್ಣೆದುರೇ ಬಿತ್ತು, ಗುಟ್ಟಾಗಿ ಹಾಕಿದ್ದರೆ ಅವನಿಗಾದರೂ ಮಾನ ಉಳಿಯುತ್ತಿತ್ತು.

ಗ್ರೂಪ್ ಚೆಕ್ ಆದ್ದರಿಂದ ಮೇಲೆ ಬಂದರು. ಬಾಗಿಲ ಹತ್ತಿರ ಕಾವಲುಗಾರ ಗೊರಕೆ ಹೊಡೆಯುತ್ತಿದ್ದಾನೆ. ಅವನ ಕಾಲ ಬಳಿ ಒಂದು ನಾಯಿ, ಮ್ಯಾಸ್ಟಿಫ್ ಜಾತಿಯದ್ದು. 2014ರ ಪುಸ್ತಕದ್ದೇ ಲೆಕ್ಕ ಹಿಡಿದೆ. ಮ್ಯಾಸ್ಟಿಫ್‌ನ ಪ್ಯಾಸಿವ್ 13, ಮೂಗು ಕಿವಿ ಚುರುಕು ಅಂತ ಐದು ಸೇರಿಸಿದರೆ 18. ಕತ್ತಲು, ಕಂಬ, ನೀರಿನ ಸದ್ದು, ಅದರ ಮೂಗಿಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ನಾಯಿ ತಲೆ ಎತ್ತಿತು. ಫೈಟರ್ ಮೈಮೇಲೆ ಬರಿ ಅಂಗಿ, ಕಬ್ಬಿಣವೆಲ್ಲ ಗೋಣಿಚೀಲದಲ್ಲಿ, ಹಾಕಿಕೊಳ್ಳಲು ಹತ್ತು ನಿಮಿಷ ಬೇಕು.

ಅಷ್ಟರಲ್ಲಿ ಮನೆಯ ಅಮ್ಮ ಊಟಕ್ಕೆ ಕರೆದರು. ಮುಂದಿನ ಭಾನುವಾರಕ್ಕೆ ನಿಲ್ಲಿಸಿದ್ದೇವೆ. ನಾಯಿಗೆ ಬೋಂಡ ಹಾಕಬಹುದಾ ಅಂತ ಈಗಾಗಲೇ ಮೂರು ಮೆಸೇಜ್ ಬಂದಿವೆ.